ಫರಸಿಯ ಮೇಲೆ ಮೂರು ಕಾಲು

ಕಾಲುವೆ ಅಳೆಯುವವರ ಆರು ಮುಕ್ಕಾಲಿಗಳು ದುರಸ್ತಿಗೆಂದು ನನ್ನ ಕೈಗೆ ಬಾರದೆ ಹೋಗಿದ್ದರೆ, ಆ ವರ್ಷ ನಾನು ಎಲ್ಲರಂತೆ ಸಾದಾ ಬೋರ್ಡ್ ಸ್ಟ್ಯಾಂಡುಗಳನ್ನೇ ಮಾಡಿ ಕಳಿಸುತ್ತಿದ್ದೆ. ಅವು ನೋಡಲು ಅಷ್ಟೇನೂ ಚೆಂದ ಇರುತ್ತಿರಲಿಲ್ಲ. ಆದರೆ ಬೀಳುತ್ತಿರಲಿಲ್ಲ.

ಎಪ್ಪತ್ತರ ದಶಕದ ಕೊನೆಯ ಮಾತು. ರಾಯಚೂರಿನ ಒಂದು ತರಬೇತಿ ಕೇಂದ್ರದಲ್ಲಿ ನಾನು ಬಡಗಿ ಕೆಲಸದ ಬೋಧಕನಾಗಿದ್ದೆ. ಸರ್ಕಾರಿ ಕಚೇರಿಗಳ ಮೇಜು, ಕುರ್ಚಿ, ಬೆಂಚುಗಳ ದುರಸ್ತಿ ನಮ್ಮಲ್ಲಿಗೇ ಬರುತ್ತಿತ್ತು. ಕಲಿಯುವವರಿಗೆ ಕೈಕೆಲಸ ಸಿಕ್ಕಂತೆ, ಕಚೇರಿಗೆ ಕೆಲಸ ಆದಂತೆ. ಮುಕ್ಕಾಲಿಗಳು ಬಂದದ್ದೂ ಹಾಗೆಯೇ. ನೆಲದ ಏರಿಳಿತ ಅಳೆಯುವ ದುರ್ಬೀನನ್ನು ಕೂರಿಸುವ ಸ್ಟ್ಯಾಂಡುಗಳು ಅವು. ಹಳೆಯ ಸಾಗವಾನಿ, ಮೂರು ಕಾಲೂ ಒಂದೇ ಅಳತೆ, ಮೂರೂ ಮೇಲೆ ಒಂದು ಹಿತ್ತಾಳೆಯ ತಲೆಗೆ ಬೋಲ್ಟಿನಿಂದ ಸೇರಿದ್ದವು. ಪ್ರತಿ ಕಾಲಿನ ತುದಿಗೂ ಗೇಣುದ್ದದ ಕಬ್ಬಿಣದ ಮೊನೆ. ಎರಡರಲ್ಲಿ ಕಾಲು ಸೀಳಿತ್ತು, ಒಂದರಲ್ಲಿ ಮೊನೆ ಕಳಚಿತ್ತು. ಬಿಚ್ಚಿ, ಜೋಡಿಸಿ, ಎಣ್ಣೆ ಹಚ್ಚುವ ಹೊತ್ತಿಗೆ ನನಗೆ ಅವುಗಳ ಮೇಲೆ ಒಂಥರ ಮೋಹ ಹುಟ್ಟಿಬಿಟ್ಟಿತು. ಮಡಚಿದರೆ ಒಂದು ಕೋಲು, ಬಿಚ್ಚಿದರೆ ಅಲುಗದ ಬುಡ. ಸರಪಳಿ, ಕೊಂಡಿ, ಅಡ್ಡಪಟ್ಟಿ ಇಂಥ ಯಾವ ರಗಳೆಯೂ ಇಲ್ಲ.

ಅವನ್ನು ವಾಪಸು ಒಯ್ಯಲು ಬಂದವನು ಕಾಲುವೆ ಕಚೇರಿಯ ಖಲಾಸಿ, ಮಟಮಾರಿ ಕಡೆಯ ವಯಸ್ಸಾದ ಆಳು. ಬರಿ ಎಣಿಸಿಕೊಂಡು ಹೋಗುವ ಪೈಕಿ ಅಲ್ಲ. ಒಂದೊಂದನ್ನೂ ಬಿಚ್ಚಿ ನಿಲ್ಲಿಸಿ ನೋಡಬೇಕೆಂದ. ನಮ್ಮ ಪಡಸಾಲೆಗೆ ಶಹಾಬಾದ್ ಕಲ್ಲು ಹಾಸಿತ್ತು. ನಮ್ಮ ಕಡೆ ಅದಕ್ಕೆ ಫರಸಿ ಅನ್ನುತ್ತೇವೆ. ಅವನು ಮೊದಲು ಒಂದು ಗೋಣಿಚೀಲ ಕೇಳಿ ಇಸಿದುಕೊಂಡು ನೆಲಕ್ಕೆ ಹಾಸಿ, ಅದರ ಮೇಲೆ ಮುಕ್ಕಾಲಿ ಬಿಚ್ಚಿದ. ಚೀಲ ಯಾಕೆಂದು ಕೇಳಿದೆ.

"ಫರಸಿ ಮ್ಯಾಲ ಈ ತಿಪಾಯಿ ನಿಂದ್ರಂಗಿಲ್ರೀ ಸರ, ಜಾರತದ. ಹೊಲದಾಗ ಕುಂಡ್ರಿಸಿದ್ರ ಬಂಡಿ ಬಂದು ಹಾಯ್ದರೂ ಅಳ್ಳಾಡಂಗಿಲ್ಲ," ಅಂದ.

ನಾನು ತಲೆಯಾಡಿಸಿದೆ. ಅವನು ರಸೀದಿಗೆ ಹೆಬ್ಬೆಟ್ಟು ಒತ್ತಿ, ಆರನ್ನೂ ಕಟ್ಟಿಕೊಂಡು ಹೋದ. ಆ ಮಾತು ಕಿವಿಗೆ ಬಿತ್ತೇ ಹೊರತು ಒಳಗೆ ಇಳಿಯಲಿಲ್ಲ.

ಅದೇ ಬೇಸಿಗೆಯಲ್ಲಿ ದೊಡ್ಡ ಕೆಲಸವೊಂದು ಬಂತು. ಹಳ್ಳಿಯ ಹೆಂಗಸರಿಗೆ ಮಧ್ಯಾಹ್ನದ ಹೊತ್ತು ಅಕ್ಷರ ಕಲಿಸುವ ತರಗತಿಗಳು ಶುರುವಾಗುವುದರಲ್ಲಿದ್ದವು. ದೇವದುರ್ಗ, ಮಾನ್ವಿ ತಾಲ್ಲೂಕುಗಳಿಗೂ, ಯಾಪಲದಿನ್ನಿ ಕಡೆಯ ಕೆಲವು ಊರುಗಳಿಗೂ ಸೇರಿ ನಲವತ್ತು ಕರಿಹಲಗೆ, ನಲವತ್ತು ಸ್ಟ್ಯಾಂಡು ಬೇಕಾಗಿದ್ದವು. ಕಾಗದದಲ್ಲಿ ಈಸೆಲ್ ಎಂದು ಬರೆದಿತ್ತು. ಶಾಲೆಗಳಲ್ಲಿ ನಾವೆಲ್ಲ ನೋಡಿದ್ದೇ ಅದು. ಮುಂದೆ ಎರಡು ಕಾಲು, ಹಿಂದೆ ಬಿಜಾಗರಿಯಿಂದ ತೂಗುವ ಒಂದು ಕಾಲು, ಮುಂದಿನ ಕಾಲುಗಳ ಗೂಟದ ಮೇಲೆ ಹಲಗೆ ಒರಗಿ ಕೂರುತ್ತದೆ, ಹಿಂದಿನ ಕಾಲು ಅತಿಯಾಗಿ ಹಿಂದಕ್ಕೆ ಹೋಗದಂತೆ ಒಂದು ಸರಪಳಿ. ಶಾಲೆಗಳಲ್ಲಿ ಆ ಸರಪಳಿ ಉಳಿದದ್ದನ್ನು ನಾನು ಕಂಡಿದ್ದು ಕಡಿಮೆ. ಕೊಂಡಿ ಕಿತ್ತು ಹೋಗಿ ಸುತಳಿ ಹಗ್ಗ ಕಟ್ಟಿರುತ್ತಿದ್ದರು. ಸರಪಳಿ ಅಂದರೆ ಕೈಸಾಗದ ಬಡಗಿಯ ನೆಪ ಎಂಬ ಭಾವನೆ ನನ್ನದು.

ಕಲಿಸುವವರು ಬಹುತೇಕ ಹೆಣ್ಣುಮಕ್ಕಳು, ಸ್ಟ್ಯಾಂಡನ್ನು ದಿನಾ ಮನೆಯಿಂದ ಹೆಗಲ ಮೇಲೆ ಹೊತ್ತು ತಂದು ಒಯ್ಯಬೇಕು, ಹಾಗಾಗಿ ಹಗುರಾಗಿರಲಿ ಎಂದು ತರಗತಿಗಳ ಮೇಲ್ವಿಚಾರಕರು ಹೇಳಿದ್ದರು. ನನಗೆ ಮುಕ್ಕಾಲಿ ನೆನಪಾಯಿತು. ಮೂರು ಸಮನಾದ ಕಾಲು, ಮೇಲೆ ಒಂದೇ ಕಟ್ಟಿಗೆಯ ತಲೆ, ಬಿಗಿ ಬೋಲ್ಟು, ಕೆಳಗೆ ಕಬ್ಬಿಣದ ಮೊನೆ, ಮುಂದಿನ ಎರಡು ಕಾಲಿಗೆ ಹಲಗೆ ಕೂರುವ ಗೂಟ. ಸರಪಳಿ ಇಲ್ಲ. ಮೂರು ದಿನ ಕೂತು ನಕ್ಷೆ ಬರೆದೆ. ಪ್ರಾಚಾರ್ಯರು ಅದನ್ನು ಕಾರ್ಯಾಗಾರದ ಗೋಡೆಗೆ ಹಚ್ಚಿಸಿದರು. ನೋಡಿದವರೆಲ್ಲ ಮೆಚ್ಚಿದರು, ನಾನೂ ಹಿಗ್ಗಿದೆ.

ಮುಕ್ಕಾಲಿ, ಈಸೆಲ್ ಎರಡೂ ಮೂರು ಕಾಲಿನವೇ ಆದರೂ ಕೆಲಸ ಬೇರೆ ಎಂಬುದು ನನಗೆ ಆಮೇಲೆ ಅರ್ಥವಾಯಿತು. ಮುಕ್ಕಾಲಿಯ ತಲೆಯ ಮೇಲೆ ಭಾರ ನಡುವೆ ಕೂರುತ್ತದೆ, ನೇರ ಕೆಳಗಿಳಿದು ಮೂರೂ ಕಾಲಿಗೆ ಹಂಚಿಹೋಗುತ್ತದೆ. ಅದನ್ನು ಯಾರೂ ತಳ್ಳುವುದಿಲ್ಲ, ಕಣ್ಣಿಟ್ಟು ನೋಡುತ್ತಾರೆ ಅಷ್ಟೆ. ಈಸೆಲ್ಲಿನ ಭಾರ ಮುಂದಿನ ಎರಡು ಕಾಲಿನ ಮೇಲೆ ಒರಗಿರುತ್ತದೆ. ಬರೆಯುವವರು ಸೀಮೆಸುಣ್ಣ ಒತ್ತುತ್ತಾರೆ, ಒರೆಸುವವರು ಇನ್ನೂ ಜೋರಾಗಿ ಒತ್ತುತ್ತಾರೆ. ಆ ಒತ್ತಡವೆಲ್ಲ ಹಿಂದಿನ ಒಂಟಿ ಕಾಲಿಗೆ ಹೋಗುತ್ತದೆ. ಮಣ್ಣಿನಲ್ಲಿ ಮೊನೆ ಊರಿದ್ದರೆ ಸರಿ. ಕಲ್ಲಿನ ಮೇಲೆ ಅದನ್ನು ತಡೆಯುವುದು ಆ ಸರಪಳಿ ಒಂದೇ.

ನಾನು ಪರೀಕ್ಷೆ ಮಾಡಿದೆ. ಮಾಡಲಿಲ್ಲ ಎಂದಲ್ಲ. ಕಾರ್ಯಾಗಾರದ ಹಿಂದಿನ ಮೊರಂ ಮಣ್ಣಿನ ಅಂಗಳದಲ್ಲಿ ಮೊದಲ ಸ್ಟ್ಯಾಂಡು ನಿಲ್ಲಿಸಿ, ಹಲಗೆ ಏರಿಸಿ, ಎರಡೂ ಕೈಯಿಂದ ಒತ್ತಿ ನೋಡಿದೆ. ಅಲುಗಲಿಲ್ಲ. ಹತ್ತು ಹೆಜ್ಜೆ ಆಚೆ ಪಡಸಾಲೆಯ ಫರಸಿ ಇತ್ತು. ಅಲ್ಲಿ ನಿಲ್ಲಿಸಿ ನೋಡಲಿಲ್ಲ. ಇನ್ನೊಂದು ತಪ್ಪೂ ಆಯಿತು. ಸಾಗವಾನಿ ಸಿಗದೆ ಮತ್ತಿ ಕಟ್ಟಿಗೆ ತರಿಸಿದ್ದೆವು, ಅದು ಇನ್ನೂ ಪೂರ್ತಿ ಆರಿರಲಿಲ್ಲ. ರಾಯಚೂರಿನ ಬಿಸಿಲಿಗೆ ಅದು ಒಣಗಿ ಕುಗ್ಗುತ್ತದೆ, ಕುಗ್ಗಿದರೆ ಬೋಲ್ಟು ಸಡಿಲಾಗುತ್ತದೆ ಎಂದು ಬೇರೆಯವರಿಗೆ ಪಾಠ ಹೇಳುವವನೇ ನಾನು. ಕಳಿಸುವ ದಿನ ಹತ್ತಿರ ಬಂದಿತ್ತು, ಕಳಿಸಿದೆ.

ಮೂರು ತಿಂಗಳು ಕಳೆದಿರಬಹುದು. ದೇವದುರ್ಗ ತಾಲ್ಲೂಕಿನ ಒಂದು ಊರಿನ ತರಗತಿಯ ಶಿಕ್ಷಕಿ ಬರೆದ ಒಂದು ಕಾರ್ಡು ಕಚೇರಿಯಿಂದ ಕಚೇರಿಗೆ ತಿರುಗಿ ನನ್ನ ಮೇಜಿಗೆ ಬಂತು. ದುಂಡಗಿನ ಅಕ್ಷರ. ಸ್ಟ್ಯಾಂಡು ಫರಸಿಯ ಮೇಲೆ ಜಾರುತ್ತದೆ, ಸದ್ಯಕ್ಕೆ ಹಿಂದಿನ ಕಾಲನ್ನು ಗೋಡೆಗೆ ಒತ್ತಿ ನಿಲ್ಲಿಸುತ್ತಿದ್ದೇನೆ, ಏನು ಮಾಡಬೇಕು ತಿಳಿಸಬೇಕು ಎಂದು ಬರೆದಿದ್ದಳು. ನಾನು ಅದರ ಬುಡದಲ್ಲೇ ಕೆಂಪು ಶಾಯಿಯಲ್ಲಿ ಒಂದು ಸಾಲು ಬರೆದು ವಾಪಸು ಕಳಿಸಿದೆ: ಕಾಲುಗಳನ್ನು ಚೆನ್ನಾಗಿ ಊರಿ ನಿಲ್ಲಿಸತಕ್ಕದ್ದು. ಕಲ್ಲಿನಲ್ಲಿ ಕಾಲು ಊರುವುದು ಹೇಗೆ ಎಂದು ಬರೆಯುವಾಗ ಯೋಚಿಸಲಿಲ್ಲ. ನನ್ನ ನಕ್ಷೆಯ ಮೇಲೆ ಯಾರೋ ಕೈ ಇಟ್ಟಂತಾಗಿತ್ತು, ಸಿಟ್ಟಿನಲ್ಲಿ ಬರೆದೆ.

ಅದಾದ ಕೆಲವೇ ವಾರಕ್ಕೆ ಮೇಲ್ವಿಚಾರಕರು ಜೀಪಿನಲ್ಲಿ ಬಂದರು. ಆ ಊರಿನಲ್ಲಿ ಹಲಗೆ ಬಿದ್ದು ಒಬ್ಬ ಮುದುಕಿಯ ಮುಂಗೈ ಮುರಿದಿದೆ, ಊರಲ್ಲಿ ಗದ್ದಲ ಆಗಿದೆ, ಸ್ಟ್ಯಾಂಡು ನೋಡಿ ವರದಿ ಬರೆದುಕೊಡಬೇಕು, ಮಾಡಿದವರೇ ಬಂದರೆ ಒಳ್ಳೆಯದು ಎಂದರು. ದಾರಿಯುದ್ದಕ್ಕೂ ಅವರು ಹೇಳಿದ್ದನ್ನು ಕೇಳಿಸಿಕೊಂಡೆ. ಶಿಕ್ಷಕಿ ಊರ ಹೊರಗಿನ ಕೂಲಿಕಾರರ ಓಣಿಯ ಹುಡುಗಿ, ಆ ಓಣಿಯಿಂದ ಎಸ್ಸೆಸ್ಸೆಲ್ಸಿ ಪಾಸಾದ ಮೊದಲನೆಯವಳು. ಕುರಿ ಕಾಯುವ, ಹೊಲ ಮಾಡುವ ಮನೆತನದ ಹೆಂಗಸರು ಅವಳ ಮುಂದೆ ಕೂತು ಕಲಿಯುವುದು ಕೆಲವು ಹಿರಿಯರಿಗೆ ಮೊದಲಿನಿಂದಲೂ ಸೇರಿರಲಿಲ್ಲ. ಹಾಗಿದ್ದೂ ಕುರುಬರ ಆ ಮುದುಕಿ ಹಟ ಹಿಡಿದು ಬರುತ್ತಿದ್ದಳು, ಅವಳನ್ನು ನೋಡಿ ಉಳಿದವರು ಬರುತ್ತಿದ್ದರು. ಈಗ ಕೈ ಮುರಿದದ್ದೂ ಅವಳದೇ.

ತರಗತಿ ನಡೆಯುತ್ತಿದ್ದದ್ದು ಊರ ನಡುವಿನ ಚಾವಡಿಯಲ್ಲಿ. ನುಣ್ಣಗೆ ಸವೆದ ಫರಸಿ. ಗೋಡೆಗುಂಟ ಸೊಸೈಟಿಯ ಗೊಬ್ಬರದ ಚೀಲಗಳನ್ನು ಒಟ್ಟಿದ್ದರು. ಆ ಚೀಲಗಳು ಕೈ ಮುರಿದದ್ದರ ಹಿಂದಿನ ದಿನವಷ್ಟೇ ಬಂದು ಬಿದ್ದದ್ದರಿಂದ ಗೋಡೆಗೆ ಒತ್ತಿ ನಿಲ್ಲಿಸುವುದಾಗದೆ, ಶಿಕ್ಷಕಿ ಸ್ಟ್ಯಾಂಡನ್ನು ನಡು ನೆಲದಲ್ಲಿ ನಿಲ್ಲಿಸಿದ್ದಳು. ಮುದುಕಿಯನ್ನು ಹೆಸರು ಬರೆಯಲು ಕರೆದಿದ್ದಳು. ಮುದುಕಿ ಸೀಮೆಸುಣ್ಣ ಬಲವಾಗಿ ಒತ್ತಿದ್ದಾಳೆ. ಹಿಂದಿನ ಕಾಲು ಜಾರಿ, ಸ್ಟ್ಯಾಂಡು ಬುಡದಿಂದಲೇ ಕುಸಿದು, ಹಲಗೆ ಗೂಟದಿಂದ ಕಳಚಿ ಕೆಳಗೆ ಬಿದ್ದಿತ್ತು. ಹಿಡಿಯಲು ಚಾಚಿದ ಕೈ ಹಲಗೆಗೂ ಕಲ್ಲಿಗೂ ನಡುವೆ ಸಿಕ್ಕಿತ್ತು.

ಜೀಪು ಬಂದದ್ದು ನೋಡಿ ಹೆಂಗಸರು ಚಾವಡಿಯ ಕಟ್ಟೆಗುಂಟ ಬಂದು ನಿಂತರು. ಕೆಲವು ಗಂಡಸರೂ ಇದ್ದರು. ಶಿಕ್ಷಕಿಗೆ ಇಪ್ಪತ್ತರ ಆಸುಪಾಸು, ಸಣಕಲು ಮೈ. ನಾನು ಸ್ಟ್ಯಾಂಡು ತಿರುಗಿಸಿ ನೋಡಿದೆ. ಕಾಲು ಸೀಳಿರಲಿಲ್ಲ, ಸಂದು ಬಿಟ್ಟಿರಲಿಲ್ಲ, ಗೂಟ ಮುರಿದಿರಲಿಲ್ಲ. ಬೋಲ್ಟು ಮಾತ್ರ ಬೆರಳಲ್ಲೇ ತಿರುಗುವಷ್ಟು ಸಡಿಲಾಗಿತ್ತು. ಕಬ್ಬಿಣದ ಮೊನೆ ಕಲ್ಲಿನ ಮೇಲೆ ಎಳೆದ ಬಿಳಿ ಗೆರೆ ಒಂದು ಮೊಳದಷ್ಟು ಉದ್ದ ಇತ್ತು. ಅದನ್ನು ನೋಡಿದ ಕ್ಷಣವೇ ನನಗೆ ಎಲ್ಲ ತಿಳಿಯಿತು. ಖಲಾಸಿಯ ಗೋಣಿಚೀಲವೂ ಆಗಲೇ ನೆನಪಿಗೆ ಬಂತು.

ಮೇಲ್ವಿಚಾರಕರು ಸರಿಯಾಗಿ ನಿಲ್ಲಿಸಿದ್ದಿಲ್ಲವೇನು ಎಂದು ಶಿಕ್ಷಕಿಯನ್ನು ಕೇಳಿದರು. ಅವಳು ನನ್ನ ಕಡೆ ತಿರುಗಿದಳು.

"ಸರ, ಹ್ಯಾಂಗ ನಿಂದ್ರಿಸಬೇಕಿತ್ತು? ನೀವು ನಿಂದ್ರಿಸಿ ತೋರಸ್ರಿ."

ನಾನು ಬೋಲ್ಟು ಬಿಗಿ ಮಾಡಿದೆ, ಕಾಲು ಅಗಲಿಸಿ ನಿಲ್ಲಿಸಿದೆ, ಹಲಗೆ ಏರಿಸಿದೆ. ಏರಿಸುವಾಗಲೇ ಹಿಂದಿನ ಕಾಲು ಕಿರ್ರ್ ಎಂದು ಒಂದಿಷ್ಟು ಸರಿಯಿತು. ಯೋಚಿಸದೆ ನನ್ನ ಬಲಗಾಲಿನ ಬೂಟನ್ನು ಅದಕ್ಕೆ ಅಡ್ಡ ಒತ್ತಿ ನಿಂತುಬಿಟ್ಟೆ. ನಿಂತಲ್ಲಿಂದಲೇ ಹಲಗೆಯ ಮೇಲೆ ಕೈ ಊರಿ, ನೋಡಿ, ಹೀಗೆ, ಅಂದೆ. ಕಟ್ಟೆಯ ಮೇಲಿದ್ದವರಿಗೆ ನನ್ನ ಕಾಲು ಕಾಣುತ್ತಿರಲಿಲ್ಲ, ಹಲಗೆ ಅಡ್ಡ ಇತ್ತು. ಮೇಲ್ವಿಚಾರಕರು ಜೇಬಿನಲ್ಲಿ ಪೆನ್ನು ಹುಡುಕುತ್ತಿದ್ದರು. ಶಿಕ್ಷಕಿ ಒಬ್ಬಳೇ ಪಕ್ಕದಲ್ಲಿ ನಿಂತಿದ್ದಳು. ಅವಳ ಕಣ್ಣು ಹಲಗೆಯ ಮೇಲಿರಲಿಲ್ಲ.

"ಕಾಲು ತೆಗೀರಿ ಸರ," ಅಂದಳು, ನನಗೊಬ್ಬನಿಗೇ ಕೇಳುವಷ್ಟು ಸಣ್ಣ ದನಿಯಲ್ಲಿ.

ನಾನು ಮೊದಲು ಹಲಗೆ ಇಳಿಸಿದೆ. ಆಮೇಲೆ ಕಾಲು ತೆಗೆದೆ. ಹೊತ್ತಾಯಿತು, ಹೊರಡೋಣ ಎಂದು ಮೇಲ್ವಿಚಾರಕರಿಗೆ ಹೇಳಿದೆ.

ಮುದುಕಿಯನ್ನು ನೋಡಲು ಹೋಗಲಿಲ್ಲ. ಅವಳ ಮನೆ ಅಲ್ಲಿಂದ ನಾಲ್ಕು ಹೆಜ್ಜೆ ಇತ್ತು.

ಮರುದಿನ ವರದಿ ಬರೆದೆ. ಸ್ಟ್ಯಾಂಡಿನ ಕಟ್ಟಿಗೆಯಲ್ಲಾಗಲಿ ಸಂದುಗಳಲ್ಲಾಗಲಿ ದೋಷ ಕಂಡುಬಂದಿಲ್ಲ. ನಿಲ್ಲಿಸುವ ಕ್ರಮದಲ್ಲಿ ಅಜಾಗರೂಕತೆ ಆಗಿರುವ ಸಂಭವವಿದೆ. ಈ ಕುರಿತು ಸದರಿ ಶಿಕ್ಷಕಿಗೆ ಮೊದಲೇ ಲಿಖಿತ ಸೂಚನೆ ನೀಡಲಾಗಿತ್ತು. ಮೂರು ವಾಕ್ಯ, ಒಂದರಲ್ಲೂ ಸುಳ್ಳಿಲ್ಲ ಎಂದು ಆಗ ನನಗೆ ನಾನೇ ಹೇಳಿಕೊಂಡೆ. ಹೀಗೇ ಬರೆಯಿರಿ ಎಂದು ಪ್ರಾಚಾರ್ಯರು ಹೇಳಲಿಲ್ಲ, ಮೇಲ್ವಿಚಾರಕರೂ ಹೇಳಲಿಲ್ಲ. ಯಾರಾದರೂ ಒತ್ತಾಯ ಮಾಡಿದ್ದರೆ ಇಷ್ಟು ವರ್ಷ ಅವರ ಮೇಲೆ ಹಾಕಿ ಹಗುರಾಗುತ್ತಿದ್ದೆನೇನೋ. ಗೋಡೆಯ ಮೇಲಿನ ಆ ನಕ್ಷೆಯನ್ನು ಇಳಿಸಬೇಕಾಗುತ್ತದೆ ಎಂಬುದೊಂದೇ ನನ್ನ ತಲೆಯಲ್ಲಿದ್ದದ್ದು.

ಹದಿನೈದು ದಿನಕ್ಕೆ ಆ ತರಗತಿ ಮುಚ್ಚಿತು. ಶಿಕ್ಷಕಿಯನ್ನು ಕೆಲಸದಿಂದ ತೆಗೆದರು. ಊರಲ್ಲಿ ಬೇರೆ ಯಾರೂ ಕಲಿಸಲು ಮುಂದೆ ಬರಲಿಲ್ಲ.

ಉಳಿದ ಮೂವತ್ತೊಂಬತ್ತು ಸ್ಟ್ಯಾಂಡು ಹಳ್ಳಿಗಳಲ್ಲಿದ್ದವು. ಅವುಗಳದೇ ಚಿಂತೆ ಹತ್ತಿತು. ವಾರ್ಷಿಕ ದುರಸ್ತಿ ಎಂದು ಒಂದು ಟಿಪ್ಪಣಿ ಬರೆದು ಅನುಮತಿ ತೆಗೆದುಕೊಂಡೆ. ಕಾರಣ ಬರೆಯಲಿಲ್ಲ. ಒಂದು ಕೈಡ್ರಿಲ್ಲು, ಗರಗಸ, ತೆಳ್ಳನೆ ಸರಪಳಿಯ ಸುರುಳಿ, ಕೊಕ್ಕೆ, ಹಳೆಯ ಸೈಕಲ್ ಟೈರಿನ ತುಂಡುಗಳು, ಇಷ್ಟನ್ನು ಚೀಲಕ್ಕೆ ಹಾಕಿಕೊಂಡು ಶನಿವಾರ, ಭಾನುವಾರ ಬಸ್ಸು ಹತ್ತುತ್ತಿದ್ದೆ. ಬಸ್ಸು ಇಳಿದು ಎಷ್ಟೋ ಕಡೆ ಎರಡು ಮೂರು ಮೈಲಿ ಕಾಲುವೆ ದಂಡೆಗುಂಟ ನಡೆಯಬೇಕಿತ್ತು. ಊರು ಸೇರಿ, ಶಿಕ್ಷಕಿಯ ಮನೆ ಕೇಳಿ, ಸ್ಟ್ಯಾಂಡು ತರಿಸಿಕೊಂಡು ಕೆಲಸಕ್ಕೆ ಕೂರುವುದು. ಮೊದಲು ಮೂರೂ ಮೊನೆ ಕಿತ್ತು ಹಾಕಿ, ಕಾಲಿನ ತುದಿಯನ್ನು ಓರೆಯಾಗಿ ಕೊಯ್ದು ಟೈರಿನ ತುಂಡು ಹೊಡೆಯುತ್ತಿದ್ದೆ. ಬೋಲ್ಟಿನ ಅಡಿಗೆ ಇನ್ನೊಂದು ತಗಡು ಕೂರಿಸುತ್ತಿದ್ದೆ. ಕೊನೆಗೆ ಹಿಂದಿನ ಕಾಲಿನಿಂದ ಮುಂದಿನ ಎರಡಕ್ಕೂ ಸರಪಳಿ. ಸರಪಳಿಯ ಉದ್ದ ಸರಿಯಾಗುವವರೆಗೆ ನಾಲ್ಕೈದು ಸಲ ಬಿಚ್ಚಿ ಕಟ್ಟಬೇಕಾಗುತ್ತಿತ್ತು. ಗಿಡ್ಡಾದರೆ ಹಲಗೆ ನೆಟ್ಟಗಾಗಿ ಮುಂದಕ್ಕೆ ಮುಗ್ಗರಿಸುತ್ತದೆ, ಉದ್ದಾದರೆ ಸರಪಳಿ ಇದ್ದೂ ಇಲ್ಲದಂತೆ. ಒಂದು ಊರಿನ ಶಿಕ್ಷಕಿ, ಇದನ್ನು ಮೊದಲೇ ಯಾಕೆ ಹಾಕಿರಲಿಲ್ಲ ಎಂದು ಕೇಳಿದಳು. ಸುಧಾರಣೆ ಮಾಡುತ್ತಿದ್ದೇವೆ ಎಂದೆ.

ಎಲ್ಲ ಮುಗಿಯಲು ಐದು ತಿಂಗಳು ಹಿಡಿಯಿತು. ನಲವತ್ತನೆಯದು ಆ ಚಾವಡಿಯ ಮೂಲೆಯಲ್ಲಿ ಧೂಳು ಹಿಡಿದು ನಿಂತಿತ್ತು. ಅಲ್ಲಿಗೂ ಹೋದೆ. ಯಾರೂ ಬಳಸದ ಸ್ಟ್ಯಾಂಡಿಗೆ ಸರಪಳಿ ಹಾಕಿದೆ. ಶಿಕ್ಷಕಿಯ ಓಣಿಯಲ್ಲಿ ಕೇಳಿದಾಗ ಮನೆಯವರೆಲ್ಲ ದುಡಿಯಲು ಮಾನ್ವಿ ಕಡೆ ಹೋಗಿದ್ದಾರೆ ಎಂದರು.

ಆ ಮೇಲೆ ಏಳೆಂಟು ವರ್ಷ ಕಳೆದವು. ಎಂಬತ್ತರ ದಶಕದ ನಡುಭಾಗ. ಮಾನ್ವಿಯ ಒಂದು ಅಕ್ಕಿ ಗಿರಣಿಯಲ್ಲಿ ಜರಡಿಯ ಕಟ್ಟಿಗೆಯ ಚೌಕಟ್ಟುಗಳನ್ನು ಬದಲಿಸುವ ಕೆಲಸ ನೋಡಲು ಹೋಗಿದ್ದೆ. ಹಿಂದಿನ ಅಂಗಳದಲ್ಲಿ ಕುದಿಸಿದ ನೆಲ್ಲು ಹರವಿದ್ದರು. ಹೆಂಗಸರು ಕಾಲಿನಿಂದ ಗೆರೆ ಎಳೆಯುತ್ತ ನೆಲ್ಲು ಹೊರಳಿಸುತ್ತಿದ್ದರು. ಅವರಲ್ಲೊಬ್ಬಳು ನಿಂತು ನನ್ನನ್ನೇ ನೋಡಿದಳು. ಅದೇ ಶಿಕ್ಷಕಿ ಎಂದು ಗುರುತು ಹಿಡಿಯಲು ನನಗೆ ಸ್ವಲ್ಪ ಹೊತ್ತಾಯಿತು. ಅವಳಿಗೆ ಹೊತ್ತು ಬೇಕಾಗಲಿಲ್ಲ.

"ಬರ್ರಿ ಸರ, ಆರಾಮ ಅದೀರಿ?" ಅಂದಳು.

ನೆರಳಿಗೆ ಬಂದು ನಿಂತೆವು. ಹೇಗೆ ಶುರು ಮಾಡಬೇಕೋ ತಿಳಿಯದೆ, ಸ್ಟ್ಯಾಂಡನ್ನು ನಾನೇ ತಪ್ಪಾಗಿ ಮಾಡಿದ್ದು, ಅದರಲ್ಲಿ ನಿಮ್ಮದೇನೂ ಇರಲಿಲ್ಲ ಎಂದೆ. ಕಚೇರಿಗೆ ಈಗಲಾದರೂ ಒಂದು ಕಾಗದ ಬರೆಯುತ್ತೇನೆ ಎಂದೆ.

"ಅದು ನನಗ ಅವತ್ತೇ ಗೊತ್ತಿತ್ತಲ್ರೀ," ಅಂದಳು. "ಕಚೇರಿಗಿ ಬರದು ಏನ್ ಮಾಡ್ತೀರಿ? ಆ ತರಗತಿನೂ ಇಲ್ಲ, ಆ ಸಾಹೇಬ್ರೂ ಇಲ್ಲ. ಆ ಯವ್ವ ನನ್ ಜೋಡಿ ಮಾತು ಬಿಟ್ಟಾಳ ಸರ. ಸಂತ್ಯಾಗ ಸಿಕ್ರೂ ಮಾರಿ ತಿರುಗಿಸ್ತಾಳ. ಓದಿದಾಕಿ ಸೊಕ್ಕಿಲೆ ನನ್ ಕೈ ಮುರದ್ಲು ಅಂತಾಳಂತ. ಆಕಿ ಮುಂದ ಹೇಳ್ರಿ."

ನೀವೂ ಬನ್ನಿ ಎಂದೆ. ಬರುವುದಿಲ್ಲ ಎಂದಳು.

ಅದರ ಮುಂದಿನ ಭಾನುವಾರ ಆ ಊರಿಗೆ ಹೋದೆ. ಮುದುಕಿ ಇದ್ದಳು. ಮುಂಗೈ ಓರೆಯಾಗಿ ಕೂಡಿಕೊಂಡಿತ್ತು, ಆ ಕೈಯಲ್ಲಿ ಕದಿರು ತಿರುಗಿಸಲಾಗದೆ ಉಣ್ಣೆ ನೂಲುವುದು ಬಿಟ್ಟಿದ್ದಳು. ಅವಳ ಕಟ್ಟೆಯ ಮೇಲೆ ಕೂತು ಮೊದಲಿನಿಂದ ಕೊನೆಯವರೆಗೆ ಹೇಳಿದೆ. ಸರಪಳಿ ಬಿಟ್ಟದ್ದು, ಶಿಕ್ಷಕಿ ಬರೆದ ಕಾರ್ಡಿಗೆ ನಾನು ಬರೆದದ್ದು, ಬೂಟುಗಾಲು ಅಡ್ಡ ಇಟ್ಟದ್ದು. ಅಕ್ಕಪಕ್ಕದ ಕೆಲವು ಹೆಂಗಸರು ಬಂದು ಕೇಳಿಸಿಕೊಂಡರು.

"ಯಪ್ಪಾ, ನನ್ ಕೈ ಹೋಗಿದ್ದು ಹೋಯ್ತು ಬಿಡು," ಎಂದಳು ಮುದುಕಿ. "ಆ ಕೂಸು ನಮ್ ಮನಿ ಬಾಗಿಲಿಗಿ ಬಂದು ಮೂರು ದಿನ ನಿಂತಿತ್ತು, ನಾ ನೀರು ಸೈತ ಕೇಳ್ಲಿಲ್ಲ. ಆಗ ನೀ ಎಲ್ಲಿದ್ದಿ?"

ರಾಯಚೂರಿನಲ್ಲಿದ್ದೆ ಎಂದೆ. ಹೊರಡುವಾಗ, ಬಂದು ಹೋಗು ಅಂತ ಆ ಹುಡುಗಿಗೆ ಹೇಳು ಎಂದಳು.

ಅದನ್ನು ಹೇಳಲು ಮತ್ತೆ ಮಾನ್ವಿಗೆ ಹೋದೆ. ಶಿಕ್ಷಕಿ ನೆಲ್ಲು ಹೊರಳಿಸುತ್ತಲೇ ಕೇಳಿಸಿಕೊಂಡಳು. ಮುದುಕಿಯ ಮಾತು ಹೇಳಿದಾಗ ಒಮ್ಮೆ ನಿಂತಳು. ಆಮೇಲೆ ಕೇಳಿದಳು:

"ನೀವು ಹೇಳುವಾಗ ಎಷ್ಟ್ ಮಂದಿ ಇದ್ರು ಸರ?"

ಆರೇಳು ಮಂದಿ ಇದ್ದರು ಎಂದೆ.

"ಅವತ್ತು ಚಾವಡ್ಯಾಗ ಇಪ್ಪತ್ತೆರಡು ಮಂದಿ ಹೆಣ್ಮಕ್ಕಳು ಇದ್ರು," ಅಂದಳು.

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಲೆಕ್ಕ ತಪ್ಪಿದ ವಿದ್ಯಾರ್ಥಿಗೆ ತಿದ್ದಿ ಹೇಳುವಂತಿತ್ತು. ಅವರ ಹೆಸರು ಹೇಳಿ ಎಂದೆ. ಅವಳು ಒಂದೊಂದಾಗಿ ಹೇಳುತ್ತ ಹೋದಳು, ನಾನು ಗಿರಣಿಯ ಒಂದು ಚೀಟಿಯ ಹಿಂದೆ ಬರೆದುಕೊಂಡೆ. ಹಾಜರಿ ಪುಸ್ತಕದಲ್ಲಿದ್ದ ಕ್ರಮದಲ್ಲೇ ಹೇಳಿದಳು. ಒಂದೂ ಮರೆತಿರಲಿಲ್ಲ. ಯಾರು ಎಲ್ಲಿಯವರೆಗೆ ಕಲಿತಿದ್ದರು ಎಂಬುದನ್ನೂ ಹೇಳಿದಳು.

ಮುಂದಿನ ಎರಡು ವರ್ಷ ಸಿಕ್ಕ ರಜೆಗಳಲ್ಲಿ ಅವರನ್ನು ಹುಡುಕಿದೆ. ಕೆಲವರು ತೀರಿಕೊಂಡಿದ್ದರು. ಕೆಲವರು ಮದುವೆಯಾಗಿ ಬೇರೆ ಊರು ಸೇರಿದ್ದರು, ಕಾಲುವೆ ಕೆಲಸದ ಕೂಲಿಗೆ ಹೋದ ಕೆಲವರು ಎಲ್ಲಿದ್ದಾರೆಂದು ತಿಳಿಯಲಿಲ್ಲ. ಇಬ್ಬರು, ಅದೆಲ್ಲ ಈಗ ಯಾಕೆ ಎಂದು ಒಳಗೆ ಹೋದರು. ಮೊದಲ ದಿನ ಮುದುಕಿಯ ಕಟ್ಟೆಯ ಮೇಲೆ ಕೇಳಿದವರನ್ನೂ ಸೇರಿಸಿ, ಎದುರು ಕೂತು ಪೂರ್ತಿ ಹೇಳಲು ಆದದ್ದು ಹದಿಮೂರು ಮಂದಿಗೆ. ಅಷ್ಟರಲ್ಲಿ ನನಗೆ ವರ್ಗವಾಯಿತು. ಮಾನ್ವಿಗೆ ಹೋಗಿ ಹದಿಮೂರು ಎಂದು ಅವಳಿಗೆ ಹೇಳಿ ಬರಬೇಕಿತ್ತು. ಇಪ್ಪತ್ತೆರಡು ಆಗಲಿ ಎಂದು ಕಾದೆ, ಹೋಗಲೇ ಇಲ್ಲ.